ವೀಸಾದಲ್ಲಿ ಇಲ್ಲದ ಊರು

ಇಳಕಲ್ಲ, ೧೯೮೩

ಫೌಜದಾರ ಸಾಹೇಬರಿಗೆ, ಕರಾಚಿಗೆ ಮದುವೆಯಾಗಿ ಹೋದ ಹಜರತಬಿಯ ಸಲಾಮು.

ನನ್ನ ವೀಸಾದಲ್ಲಿ ಇಳಕಲ್ಲ ಮಾತ್ರ ಇದೆ, ಅವ್ವನನ್ನು ನೋಡಲು ಬಾಗಲಕೋಟೆಯ ದವಾಖಾನೆಗೆ ಹೋಗುವಂತಿಲ್ಲ ಎಂದಿರಿ. ನಾನು ಹೋಗಲಿಲ್ಲ. ಇವತ್ತು ಅಣ್ಣ ರಾಜೇಸಾಬ ಅವಳನ್ನೇ ಮನೆಗೆ ಕರೆತಂದಿದ್ದಾನೆ. ಡಾಕ್ಟರು ಬೇಡವೆಂದರೂ ಅವಳು ಕೇಳಲಿಲ್ಲವಂತೆ. “ಮಗಳು ಕರಾಚಿಯಿಂದ ಬಂದಾಳ್ರಿ. ನಾ ಇಳಕಲ್ಲಿಗೂ ಹೋಗಬಾರದೇನ್ರಿ?” ಎಂದಳಂತೆ.

ಈಗ ಉಸಿರಾಡಲು ಕಷ್ಟಪಡುತ್ತಿದ್ದಾಳೆ. ಹಿಡಿದ ನನ್ನ ಕೈಯನ್ನು ಬಿಡುತ್ತಿಲ್ಲ.

ನಾಳೆಗೆ ವೀಸಾ ಮುಗಿಯುತ್ತದೆ. ಅವಧಿ ಹೆಚ್ಚಿಸಿಕೊಳ್ಳಲು ನಾನೇ ಠಾಣೆಗೆ ಬರಬೇಕೆಂದು ಗೊತ್ತು, ಬರಲಾಗುವುದಿಲ್ಲ. ಅಣ್ಣನ ಕೈಯಲ್ಲಿ ಪಾಸ್‌ಪೋರ್ಟ್ ಕಳಿಸಿದ್ದೇನೆ. ದಯವಿಟ್ಟು ಇನ್ನಷ್ಟು ದಿನ ಇರಲು ಬಿಡಿ. ವಿಚಾರಣೆಗೆ ಪೊಲೀಸರು ಮನೆಗೆ ಬಂದರೆ ವೀಸಾದ ಮಾತನ್ನು ಅಂಗಳದಲ್ಲೇ ಆಡಲಿ. ಇನ್ನು ಇಲ್ಲೇ ಇರುತ್ತೇನೆಂದು ಅವ್ವನಿಗೆ ಹೇಳಿದ್ದೇನೆ.

ತಮ್ಮ ಉತ್ತರದ ದಾರಿ ಕಾಯುವ,
ಹಜರತಬಿ