ಹಾಲು ಒಡೆಯಲಿಲ್ಲ

ಉಪ್ಪಾರಹಳ್ಳಿ, ತುಮಕೂರು
14 ಜುಲೈ 2024, ಭಾನುವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ದಾಕ್ಷಾಯಣಿಯ ಶರಣು.

ಮಂಡಿ ನೋವು ಹೇಗಿದೆ? ಕುಣಿಗಲ್ಲಿನಲ್ಲಿ ಸುಮನಾ ಎಣ್ಣೆ ತಿಕ್ಕುತ್ತಾಳೋ, ಇಲ್ಲ ಮಗಳ ಮನೆಯೆಂದು ನೀವೇ ಅವಳ ಸೇವೆ ಮಾಡುತ್ತಿದ್ದೀರೋ? ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕಬೇಡಿ, ಒಳ್ಳೆಯ ಸುದ್ದಿ ಇದೆ.

ಮಠದ ದಾಸೋಹದ ಅಡುಗೆಯವರಿಗೆಲ್ಲ ಮಲ ಪರೀಕ್ಷೆ ಮಾಡಿಸಿದಾಗ, ನಿಮ್ಮದರಲ್ಲಿ ಟೈಫಾಯ್ಡ್ ಜಾತಿಯ ಬ್ಯಾಕ್ಟೀರಿಯಾ ಇದೆಯೆಂದು ನಮ್ಮ ಲ್ಯಾಬಿನಿಂದ ರಿಪೋರ್ಟ್ ಹೋಯಿತಲ್ಲ, ಅದು ತಪ್ಪು. ನಿಮ್ಮ ಹೊಟ್ಟೆಯಲ್ಲಿರುವುದು ಯಾರಿಗೂ ಏನೂ ಮಾಡದ ಪಾಪದ ಬ್ಯಾಕ್ಟೀರಿಯಾ. ‘ನನ್ ಕೈ ಅಡುಗೆ ವಿಷ ಅಂದ್ಮೇಲೆ ನಾನ್ಯಾಕಿರ್ಲಿ’ ಅಂದು ಹೊರಟವರು ಅಲ್ಲೂ ಸೌಟು ಮುಟ್ಟಿಲ್ಲವಂತೆ. ಇನ್ನು ಮುಟ್ಟಿ ಅತ್ತೆ.

ಗೊತ್ತಾದದ್ದು ಹೀಗೆ. ರೋಗಾಣು ಗುರುತಿಸಲು ಬಳಸುವ ಸೀರಂ ದ್ರವದ ಮೂರು ಕಂಪನಿಗಳ ಬಾಟಲಿಗಳನ್ನು ಹೋಲಿಸಿ ನೋಡಲು ನಮ್ಮ ಲ್ಯಾಬಿನ ಷಡಕ್ಷರಿ ಸರ್ ನನಗೆ ಹೇಳಿದರು. ಗಾಜಿನ ಮೇಲೆ ಒಂದು ಹನಿ ಸೀರಂ, ಅದರಲ್ಲಿ ಚೂರು ಬ್ಯಾಕ್ಟೀರಿಯಾ ಕಲಸಿ ಅತ್ತಿತ್ತ ಆಡಿಸಬೇಕು. ರೋಗದ್ದಾದರೆ ಹಾಲು ಒಡೆದ ಹಾಗೆ ಕಾಳು ಕಾಳಾಗುತ್ತದೆ. ಫ್ರಿಜ್ಜಿನಲ್ಲಿಟ್ಟಿದ್ದ ನಿಮ್ಮದನ್ನೂ ತೆಗೆದು ಹಾಕಿದೆ. ವರ್ಷದಿಂದ ಬಳಸುತ್ತಿದ್ದ ಸೀರಂನಲ್ಲಿ ಒಡೆಯಿತು, ಉಳಿದೆರಡರಲ್ಲಿ ಒಡೆಯಲಿಲ್ಲ. ನೋಡಿದರೆ ಆ ಹಳೆಯದು ನಿರುಪದ್ರವಿಗಳಿಗೂ ಒಡೆಯುತ್ತಿತ್ತು. ಎರಡು ದಿನ ಇಟ್ಟು ನೋಡುವ ಟ್ಯೂಬ್ ಪರೀಕ್ಷೆಯೂ ನಿಮ್ಮ ಕಡೆಯೇ ನಿಂತಿತು. ಸಂತೋಷ ತಡೆಯದೆ ‘ನಮ್ಮತ್ತೆ ಹಾಲು ಒಡೀಲಿಲ್ಲ ಸಾರ್’ ಅಂದುಬಿಟ್ಟೆ. ಅವರು ಟೀ ಹಾಲಿನ ಮಾತೆಂದುಕೊಂಡು ‘ಹಂಗಾದ್ರೆ ನಂಗೂ ಒಂದು ಟೀ ಹೇಳಮ್ಮ’ ಅಂದರು. ನಕ್ಕು ನಕ್ಕು ಸಾಕಾಯಿತು.

ಹೊಸ ರಿಪೋರ್ಟನ್ನು ಮಠಕ್ಕೆ ನಾನೇ ಕೊಟ್ಟು ಬಂದೆ. ನಿಮ್ಮ ಜಾಗದಲ್ಲಿ ಅಡುಗೆ ಮಾಡುತ್ತಿರುವ ಅಂಜಿನಪ್ಪ ಕೈಮುಗಿದ. ‘ಶಿವರುದ್ರಮ್ಮೋರು ಬೇಗ ಬರ್ಲಿ ಕಣವ್ವ, ನನ್ ಸಾರು ಉಂಡೋರು ಎರಡನೇ ಸಲ ಬಡಿಸ್ಕಳಲ್ಲ’ ಅಂದ. ನಿಮ್ಮ ಮಗ ಆಗಲೇ ಬೀದಿಗೆಲ್ಲ ಸುದ್ದಿ ಹಂಚಿದ್ದಾರೆ.

ಸುಮನಾಗೆ ನನ್ನ ನೆನಪು ಹೇಳಿ, ನಮ್ಮಿಬ್ಬರಿಗೂ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ದಾಕ್ಷಾಯಣಿ

ತಾ.ಕ.: ಮೊದಲಿನ ರಿಪೋರ್ಟಿಗೆ ಸಹಿ ಹಾಕಿದ್ದು ಯಾರೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನೇ ಅತ್ತೆ. ಟ್ಯೂಬ್ ಪರೀಕ್ಷೆಗೆ ಎರಡು ದಿನ ಕಾಯಬೇಕಿತ್ತು. ಸ್ವಂತ ಅತ್ತೆಯದೆಂದು ಮುಚ್ಚಿಟ್ಟಳು ಅಂದಾರೆಂಬ ಭಯಕ್ಕೆ ಅವತ್ತೇ ಕೊಟ್ಟುಬಿಟ್ಟೆ. ಬೇರೆಯವರದಾಗಿದ್ದರೆ ಕಾಯುತ್ತಿದ್ದೆ. ಶುಕ್ರವಾರ ರಜೆ ಹಾಕಿ ಬರುತ್ತೇನೆ. ಎಷ್ಟು ಬೇಕಾದರೂ ಬೈಯಿರಿ, ಬೈದಾದ ಮೇಲೆ ನನ್ನ ಜೊತೆ ಬಸ್ಸು ಹತ್ತಿ.