ಗಾಜಿಗೆ ಹಚ್ಚಿದ ವಿಭೂತಿ

ಚಿದ್ರಿ, ಬೀದರ
26 ಆಗಸ್ಟ್ 2025

ಪ್ರೀತಿಯ ಮಗಳು ಸಪ್ನಾಳಿಗೆ,

ನಿನ್ನ ಅಪ್ಪನ ಆಶೀರ್ವಾದ. ಸೊಂಟನೋವು ಹೇಗಿದೆ? ರಾಯಚೂರಿನ ಆ ಶಾಲೆಯಲ್ಲಿ ಇನ್ನೂ ಮೂರು ಮಹಡಿ ಹತ್ತಿ ಇಳಿಯುತ್ತಿದ್ದೀಯಾ? ಅಳಿಯಂದಿರ ಕೆಮ್ಮು ಕಡಿಮೆಯಾಯಿತೆ? ಇಲ್ಲಿ ನಿಮ್ಮವ್ವ ಈರಮ್ಮ ಆರಾಮಾಗಿದ್ದಾಳೆ, ನಾನಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅಳಲು ಶುರುಮಾಡಿದರೆ ನನ್ನ ಸಿಟ್ಟು ಇಳಿದುಬಿಡುತ್ತದೆ. ಈ ಸಲ ಇಳಿಯಬಾರದು, ಅದಕ್ಕೇ ಕಾಗದ.

ನಿನ್ನ ತಮ್ಮ ಅಮಿತ ಏಪ್ರಿಲ್‌ನಲ್ಲಿ ಕರೆಂಟಿನ ಕಾರು ತಂದ ದಿನ ನಾನೇನು ಹೇಳಿದ್ದೆ ಎಂಬುದು ನಿನಗೆ ಗೊತ್ತು. ಗೆರೆ ದಾಟಿದರೆ ಸ್ಟೇರಿಂಗ್ ತಾನೇ ತಿರುಗುತ್ತದೆ, ಎದುರಿಗೆ ಯಾರಾದರೂ ಬಂದರೆ ಬ್ರೇಕ್ ತಾನೇ ಬೀಳುತ್ತದೆ, ಎಲ್ಲ ಗಾಡಿಯ ಜೊತೆಗೇ ಬರುತ್ತದೆ ಎಂದು ಅವನು ಹಿಗ್ಗುತ್ತಿದ್ದ. ಬೀದರ–ಔರಾದ ರಸ್ತೆಯಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ಒಂದು ಕೋಳಿಯನ್ನೂ ಕೊಲ್ಲದವನಿಗೆ ಕಾರು ಬುದ್ಧಿ ಹೇಳಬೇಕೆ? ಎಲ್ಲ ತೆಗೆಸು ಎಂದೆ. ಮರುದಿನವೇ ಬಂದು, "ಎಲ್ಲಾ ಬಂದ್ ಮಾಡೇನ್ರಿ ಅಪ್ಪಾ, ನಿಮಗ್ಯಾಕ ಬೇಕ್ರಿ ಅವೆಲ್ಲ" ಎಂದ. ಆಮೇಲೆ ಸ್ಟೇರಿಂಗ್ ಒಮ್ಮೊಮ್ಮೆ ಕೈಯೊಳಗೆ ಮೆಲ್ಲಗೆ ಬಲಕ್ಕೆ ಎಳೆದಂತಾಗುತ್ತಿತ್ತು. ಕೇಳಿದರೆ "ಕರೆಂಟಿನ ಗಾಡಿ ಹಿಂಗೇ ಇರ್ತಾವ್ರಿ" ಎಂದ. ಮಗನ ಮಾತು, ನಂಬಿದೆ.

ಮೊನ್ನೆ ಶನಿವಾರ ಶ್ರಾವಣದ ಅಮಾವಾಸ್ಯೆ. ಬಸ್ಸಿದ್ದಾಗಿನಿಂದ ನನ್ನದೊಂದು ಪದ್ಧತಿ ನಿನಗೆ ತಿಳಿದದ್ದೇ: ಗಾಜು ಒರೆಸಿ, ನೋಟಕ್ಕೆ ಅಡ್ಡ ಬಾರದಂತೆ ಮೇಲೆ ನಟ್ಟನಡುವೆ ಮೂರು ಬೆರಳು ವಿಭೂತಿ ಎಳೆಯುವುದು. ಈ ಕಾರಿಗೆ ಮಾತ್ರ ಅಮಿತ ಪ್ರತಿ ಸಲ ನನ್ನ ಕೈ ಹಿಡಿದು ಬಾನೆಟ್ಟಿನ ಕಡೆ ತಿರುಗಿಸುತ್ತಿದ್ದ. ಅಂದು ಅವನು ಕೆಲಸಕ್ಕೆ ಹೋಗಿದ್ದ. ವಿಭೂತಿ ನೀರಲ್ಲಿ ಕಲೆಸಿ ದಪ್ಪಗೆ ಎಳೆದೆ. ಒಳಗೆ ಒಂದು ಹಳದಿ ದೀಪ ಹತ್ತಿತು. ಚಾರ್ಜಿನದಿರಬೇಕು ಎಂದುಕೊಂಡು, ಖಟಕ ಚಿಂಚೋಳಿಯಲ್ಲಿರುವ ಅಕ್ಕನನ್ನು ನೋಡಬೇಕೆನ್ನುತ್ತಿದ್ದ ನಿಮ್ಮವ್ವನನ್ನು ಕೂರಿಸಿಕೊಂಡು ಭಾಲ್ಕಿ ರಸ್ತೆ ಹಿಡಿದೆ.

ಊರು ಇನ್ನೇನು ಬಂತು ಎನ್ನುವಾಗ ಎಡಗಡೆ ಏನೋ ಬಡಿದ ಸದ್ದು. ನಿಮ್ಮವ್ವ ಕೂಗಿದ ಮೇಲೆಯೇ ನನ್ನ ಕಾಲು ಬ್ರೇಕಿಗೆ ಹೋಯಿತು. ಇಳಿದು ನೋಡಿದರೆ ಹುಲ್ಲಿನ ಹೊರೆ ರಸ್ತೆಯಲ್ಲಿ, ಹೊತ್ತಿದ್ದ ಹೆಣ್ಣುಮಗಳು ಕಾಲುವೆಯಂಚಿನಲ್ಲಿ. ಕೌಸಲ್ಯಾಬಾಯಿ ಎಂದು ಹೆಸರು, ಅಲ್ಲಿಯ ಕೂಲಿಯವಳು. ನನ್ನ ಕನ್ನಡಿ ಹೊರೆಗೆ ತಾಗಿತ್ತು. ಒಂದು ಗೇಣು ಈಚೆ ಇದ್ದಿದ್ದರೆ ಅವಳಿಗೇ ತಾಗುತ್ತಿತ್ತು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವಳು ಬೈಯಲಿಲ್ಲ, ನನ್ನನ್ನೇ ದಿಟ್ಟಿಸಿ, "ನಾ ಇಷ್ಟು ದೂರದಿಂದ ನಿಮ್ಮ ಎದುರಿಗೇ ಬರ್ಲಕತ್ತೀನಿ, ನಿಮಗ ಈ ಕಡಿ ಕಾಣಂಗಿಲ್ಲೇನ್ರಿ ಅಜ್ಜಾ?" ಎಂದಳು. ದವಾಖಾನೆಗೆ ಕರೆದೊಯ್ದು ಪಟ್ಟಿ ಹಾಕಿಸಿದೆ. ಆಮೇಲೆ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಫೋನು ಮಾಡಿದಾಗ ಅಮಿತ ಬಸ್ಸು ಹಿಡಿದು ಬಂದ. ಅವ್ವನ ಮುಖ ನೋಡಲಿಲ್ಲ, ನನ್ನದೂ ನೋಡಲಿಲ್ಲ, ನೆಟ್ಟಗೆ ಗಾಜು ನೋಡಿದ. "ಕ್ಯಾಮೆರಾದ ಮ್ಯಾಲೇ ವಿಭೂತಿ ಬಡದೀರಲ್ರಿ ಅಪ್ಪಾ" ಎಂದು ತಲೆ ಹಿಡಿದು ಕೂತ. ಬಂದ್ ಆಗಿರುವ ಕ್ಯಾಮೆರಾಕ್ಕೆ ವಿಭೂತಿ ಬಡಿದರೆ ಏನಾಯಿತು ಎಂದು ಕೇಳಿದೆ. ಆಗ ಎಲ್ಲವೂ ಹೊರಬಿತ್ತು. ಅವನು ಬಂದ್ ಮಾಡಿಸಿದ್ದು ಬರೀ ಎಚ್ಚರಿಕೆಯ ಸದ್ದನ್ನು. ಗಾಜಿನೊಳಗಿಂದ ರಸ್ತೆ ನೋಡಿ ಸ್ಟೇರಿಂಗ್, ಬ್ರೇಕ್ ಸಂಭಾಳಿಸುವ ಕ್ಯಾಮೆರಾ ಚಾಲೂ ಇತ್ತಂತೆ, ಅದರ ಕಣ್ಣು ಮುಚ್ಚಿದ್ದಕ್ಕೇ ಆ ಹಳದಿ ದೀಪವಂತೆ. ಮಾರ್ಚ್‌ನಲ್ಲಿ ನನ್ನ ಚಷ್ಮಾ ಬದಲಿಸಲು ಹೋದಾಗ ಡಾಕ್ಟರು ಅವನನ್ನು ಒಳಗೆ ಕರೆದು ಅಪ್ಪನ ಎಡಗಣ್ಣಿನ ನರ ಒಣಗುತ್ತಿದೆ, ಗಾಡಿ ಬಿಡಿಸಿ ಎಂದಿದ್ದರಂತೆ. ಧೂಳಿಗೆ ಎಂದು ನೀವು ನನ್ನ ಕಣ್ಣಿಗೆ ದಿನಾ ಹಾಕಿಸುತ್ತಿದ್ದ ಔಷಧದ ಹನಿ ಅದಕ್ಕಂತೆ. ಅವನು ನಿನ್ನನ್ನು ಕೇಳಿದನಂತೆ. ನೀನು, "ಹೇಳಬ್ಯಾಡೋ, ಗಾಡಿ ಬಿಟ್ರ ಅಪ್ಪ ಉಳಿಯಾಂಗಿಲ್ಲ, ತಾನೇ ಸಂಭಾಳಿಸೋ ಗಾಡಿ ತಗೋ" ಎಂದೆಯಂತೆ.

ಅಮಿತ ಸುಳ್ಳು ಹೇಳಿದರೆ ನನಗೆ ಅಷ್ಟು ನೋವಿಲ್ಲ, ಅವನು ಚಿಕ್ಕಂದಿನಿಂದಲೂ ಅಂಜುಬುರುಕ. ಮೇ ತಿಂಗಳಲ್ಲಿ ನೀನು ನನ್ನ ಪಕ್ಕ ಕೂತು ಔರಾದಿಗೆ ಬಂದೆಯಲ್ಲ, "ಅಪ್ಪಾ, ನಿಮ್ಮ ಕೈ ಇನ್ನೂ ಹಂಗೇ ಅದರಿ" ಎಂದೆಯಲ್ಲ, ಆ ಮಾತು ನುಂಗಲಾಗುತ್ತಿಲ್ಲ. ಆ ಸಂತೋಷಕ್ಕೆ ನಾನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಈಗ ತಿಳಿಯಿತು, ನೀನು ಹೊಗಳಿದ್ದು ಯಂತ್ರವನ್ನು. ನಾನು ನಿಮಗೆ ಆಟಿಕೆಯ ಸ್ಟೇರಿಂಗ್ ಹಿಡಿದು ಕೂತ ಕೂಸಾದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಹೇಳಲಿ? ರಸ್ತೆಯಲ್ಲಿ ಬಿದ್ದ ಪರರ ಹೆಣ್ಣುಮಗಳು ನನ್ನ ಮುಖಕ್ಕೇ ಖರೇ ಹೇಳಿದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೇಳಲಿಲ್ಲ.

ಕಾರಿನ ಕೀಲಿ ಅಮಿತನ ಕೈಗೆ ಕೊಟ್ಟಿದ್ದೇನೆ. ಅಳಿಯಂದಿರಿಗೆ ಶರಣು ತಿಳಿಸು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಹಾವಗೆಪ್ಪ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಇದು ನಿಮ್ಮವ್ವನಿಗೂ ತಿಳಿಯದು. ಹೋದ ವರ್ಷ ಲೈಸೆನ್ಸಿಗೆ ಕಣ್ಣು ತೋರಿಸುವಾಗ ಎಡಗಣ್ಣಿಗೆ ಕೆಳಗಿನ ಸಾಲು ಕಾಣಲೇ ಇಲ್ಲ. ನನ್ನ ಮುಂದಿದ್ದವನು ಓದಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿ ಬಂದೆ. ನಿನಗೆ ಗೊತ್ತಾದರೆ ಗಾಡಿ ಬಿಡಿಸುತ್ತೀ ಎಂದು ಅಂಜಿದ್ದೆ. ಸೋಮವಾರ ಡಾಕ್ಟರ ಹತ್ತಿರ ಹೋಗಬೇಕು. ರಜೆ ಹಾಕಿ ಬಾ. ಅವರು ಹೇಳುವುದನ್ನು ಇಬ್ಬರೂ ಒಟ್ಟಿಗೆ ಕೂತು ಕೇಳೋಣ.