ದೂರ ಸರಿಸಿದ ಬಟನ್

ಅಪ್ಪಾ,

ನೀನಿದ್ದಿದ್ದರೆ ಊಟಕ್ಕೆ ಕೂತಾಗ ಹೇಳುತ್ತಿದ್ದೆ, ಈಗ ಬರೆದಿಡುತ್ತಿದ್ದೇನೆ.

ನಾನು ವಿನ್ಯಾಸ ಮಾಡಿದ ಆಸ್ಪತ್ರೆಯ ವೆಬ್‌ಸೈಟನ್ನು ಬಳಸಿ ನೋಡಲು ಇವತ್ತು ಆಫೀಸಿಗೆ ನಿವೃತ್ತ ಬಸ್ ಡ್ರೈವರ್ ಒಬ್ಬರು ಬಂದಿದ್ದರು. ಅವರ ಕೈಯೂ ನಿನ್ನ ಕೈಯಂತೆ ನಡುಗುತ್ತಿತ್ತು. ಡಾಕ್ಟರ ಅಪಾಯಿಂಟ್‌ಮೆಂಟ್ ಪಡೆಯಲು ಫೋನಿನಲ್ಲಿ ಬಟನ್ ಒತ್ತಹೋದರೆ ಬೆರಳು ಪ್ರತಿಸಲವೂ ಪಕ್ಕದ ‘ರದ್ದು ಮಾಡಿ’ ಬಟನ್ ಮೇಲೆ ಬಿದ್ದು, ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು.

“ಅಷ್ಟು ದೊಡ್ಡ ಬಸ್ಸನ್ನ ಸಂದೀಲಿ ತಿರುಗಿಸ್ತಿದ್ದೆ. ಈ ಚೂರು ಬಟನ್ ಕೈಗೆ ಸಿಗ್ತಿಲ್ಲ ನೋಡಮ್ಮ. ನೀನೇ ಒತ್ತಿಬಿಡು,” ಎಂದು ಫೋನನ್ನು ನನ್ನತ್ತ ಚಾಚಿದರು.

ಅಭ್ಯಾಸಬಲದಿಂದ ಮುಂದೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡೆ. “ತಪ್ಪು ನಿಮ್ಮ ಕೈಯದ್ದಲ್ಲ ಸರ್, ನಾನು ಬಟನ್ ಇಟ್ಟಿರೋ ಜಾಗದ್ದು. ಒಂದು ಟೀ ಕುಡೀರಿ, ಸರಿಮಾಡ್ತೀನಿ,” ಎಂದೆ. ಅಲ್ಲೇ ಕೂತು ಬಟನ್ ದೊಡ್ಡದು ಮಾಡಿ, ‘ರದ್ದು’ ಎನ್ನುವುದನ್ನು ದೂರ ಸರಿಸಿದೆ.

ಈ ಸಲ ಅವರು ಉಸಿರು ಬಿಗಿಹಿಡಿದು ಒತ್ತಿದರು. ಅಪಾಯಿಂಟ್‌ಮೆಂಟ್ ಸಿಕ್ಕಿತು. “ನಾನೇ ಮಾಡ್ದೆ ಕಣಮ್ಮ! ಇನ್ಮೇಲೆ ಇದಕ್ಕೆಲ್ಲ ಮಗಳ ದಾರಿ ಕಾಯ್ಬೇಕಾಗಿಲ್ಲ,” ಎಂದು ಮುಖವರಳಿಸಿ ನಕ್ಕರು.

ನಾನೂ ನಕ್ಕೆ. ನಿನ್ನ ಕೈಯಿಂದ ಫೋನ್ ತೆಗೆದುಕೊಂಡು ಎಲ್ಲವನ್ನೂ ನಾನೇ ಬೇಗಬೇಗ ಮಾಡಿಕೊಡುತ್ತಿದ್ದೆನಲ್ಲ, ಅಪ್ಪಾ, ಆಗೆಲ್ಲ ನೀನು ಸುಮ್ಮನೆ “ಆಯ್ತಾ?” ಎನ್ನುತ್ತಿದ್ದೆ.